ಡಬ್ಬಿಯ ಮಾನವೂ ಪಾಕದ ಪಾಠವೂ: ಅಮೆರಿಕಾದ ಸಮುದಾಯ ಪಾಕಗ್ರಂಥಗಳ ವಿಚಾರ

೧. ವಿಷಯಪ್ರವೇಶ

ಒಂದು ಗ್ರಂಥದ ಪಾಠವನ್ನು ನಿರ್ಣಯಿಸ ಹೊರಟವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವುಂಟು. ಇದನ್ನು ಬರೆದವರು ಯಾರು? ಯಾರಿಗಾಗಿ ಬರೆದರು? ಬರೆಯದೆ ಬಿಟ್ಟುದು ಯಾವುದು? ಬಿಟ್ಟುದನ್ನು ಅಂದಿನ ವಾಚಕನು ಎಲ್ಲಿಂದ ತುಂಬಿಕೊಳ್ಳುತ್ತಿದ್ದನು? ತಾಳೆಯೋಲೆಯ ಪ್ರತಿಗಳ ವಿಷಯದಲ್ಲಿ ಈ ಪ್ರಶ್ನೆಗಳು ನಮಗೆ ಅಭ್ಯಾಸವಾಗಿವೆ. ನೂರು ವರ್ಷವೂ ತುಂಬದ ಅಚ್ಚಿನ ಪುಸ್ತಕಕ್ಕೂ, ಅದರಲ್ಲಿಯೂ ಅಡುಗೆಯ ಪುಸ್ತಕಕ್ಕೂ, ಇದೇ ಪರೀಕ್ಷೆ ಬೇಕೆಂದರೆ ವಾಚಕರಲ್ಲಿ ಕೆಲವರು ನಗಬಹುದು. ಆದರೂ ಪ್ರಕೃತ ಲೇಖನದಲ್ಲಿ ಅಂತಹ ವಿಚಾರವನ್ನೇ ವಿದ್ವಾಂಸರ ಮುಂದಿಡಲು ಉದ್ದೇಶಿಸಿದ್ದೇನೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಚರ್ಚಿನ ಮಹಿಳಾಸಂಘಗಳು, ಶಾಲೆಯ ತಾಯಂದಿರ ಕೂಟಗಳು, ಆಸ್ಪತ್ರೆಯ ಸಹಾಯಕ ಮಂಡಲಿಗಳು ಮೊದಲಾದವು ತಮ್ಮ ಸದಸ್ಯರಿಂದ ಪಾಕವಿಧಿಗಳನ್ನು ಸಂಗ್ರಹಿಸಿ, ಅಚ್ಚುಹಾಕಿಸಿ, ಮಾರಿ, ಬಂದ ಹಣವನ್ನು ಲೋಕೋಪಕಾರಕ್ಕೆ ವಿನಿಯೋಗಿಸುವ ಪದ್ಧತಿಯೊಂದುಂಟು. ಇಂತಹ ಪುಸ್ತಕಗಳನ್ನು ಸಮುದಾಯ ಪಾಕಗ್ರಂಥಗಳೆಂದು ಕರೆಯಬಹುದು. ಇವುಗಳಲ್ಲಿ, ವಿಶೇಷವಾಗಿ ೧೯೩೦ರಿಂದ ೧೯೭೦ರ ವರೆಗಿನವುಗಳಲ್ಲಿ, ಡಬ್ಬಿಯ ಸಾರು, ಪೊಟ್ಟಣದ ಹಿಟ್ಟು, ಪುಡಿಯಾದ ಜೆಲಟಿನ್, ಕಾರ್ಖಾನೆಯ ಬಿಸ್ಕತ್ತು ಮುಂತಾದ ಸಿದ್ಧಪದಾರ್ಥಗಳಿಂದ ಮಾಡತಕ್ಕ ವಿಚಿತ್ರಪಾಕಗಳು ಹೇರಳವಾಗಿ ದೊರೆಯುತ್ತವೆ. ಟೊಮೇಟೊ ಸಾರಿನಿಂದ ಮಾಡಿದ ಸಿಹಿ ಕೇಕು, ಸೇಬಿಲ್ಲದ ಸೇಬಿನ ಪೈ, ಎಲೆಕೋಸನ್ನು ಗರ್ಭದಲ್ಲಿಟ್ಟುಕೊಂಡು ನಡುಗುವ ಜೆಲಟಿನಿನ ಅಚ್ಚು, ಇಂತಹವು. ಇಂದಿನವರು ಇವನ್ನು ಓದಿ ಹಾಸ್ಯಮಾಡುವುದೇ ಹೆಚ್ಚು. ಮಾಡಿ ನೋಡುವವರು ಕಡಿಮೆ. ಮಾಡಿ ನೋಡಿದವರಲ್ಲಿಯೂ ಹಲವರಿಗೆ ಪಾಕವು ಕೆಟ್ಟು, ಹಾಸ್ಯವು ಇನ್ನಷ್ಟು ದೃಢವಾಗುವುದು.

ಪಾಕವು ಹೀಗೆ ಕೆಡುವುದು ಬಹುಮಟ್ಟಿಗೆ ಬರೆದವರ ಅವಿವೇಕದಿಂದಲ್ಲ, ಪಾಠವು ಕೆಟ್ಟಿರುವುದರಿಂದ ಎಂಬುದು ಈ ಲೇಖನದ ಪ್ರತಿಜ್ಞೆ. ಈ ಗ್ರಂಥಗಳಲ್ಲಿ ಡಬ್ಬಿಯೇ ಅಳತೆ. ಕಾಲಕ್ರಮದಲ್ಲಿ ಡಬ್ಬಿ ಬದಲಾಯಿತು. ಅಕ್ಷರವು ಮಾತ್ರ ಹಾಗೆಯೇ ಉಳಿಯಿತು. ಒಂದಕ್ಷರವೂ ತಿದ್ದಲ್ಪಡದೆ ಗ್ರಂಥವೊಂದು ಅಪಪಾಠವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

೨. ಗ್ರಂಥಗಳ ಉತ್ಪತ್ತಿ

ಈ ಜಾತಿಯ ಗ್ರಂಥಗಳ ಮೂಲವು ಯುದ್ಧದಲ್ಲಿದೆ. ಅಮೆರಿಕಾದ ಅಂತರ್ಯುದ್ಧವು ನಡೆಯುತ್ತಿದ್ದಾಗ, ೧೮೬೪ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆಗಾಗಿ ದೊಡ್ಡ ಜಾತ್ರೆಯೊಂದು ನಡೆಯಿತು. ಅದರ ಸಹಾಯಾರ್ಥವಾಗಿ ಮರಿಯಾ ಮಾಸ್ ಎಂಬಾಕೆಯು ಪದ್ಯಗಳಿಂದ ಕೂಡಿದ ಒಂದು ಪಾಕಗ್ರಂಥವನ್ನು ಪ್ರಕಟಿಸಿದಳು. ಧರ್ಮಾರ್ಥವಾಗಿ ಹೊರಟ ಅಮೆರಿಕಾದ ಪಾಕಗ್ರಂಥಗಳಲ್ಲಿ ಇದೇ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಯುದ್ಧವು ಮುಗಿದ ಮೇಲೆ ಪದ್ಧತಿಯು ಊರೂರಿಗೆ ಹಬ್ಬಿತು. ೧೮೮೬ರಲ್ಲಿ ಬಾಸ್ಟನ್ ನಗರದಲ್ಲಿ ಹ್ಯಾಟಿ ಬರ್ ಎಂಬಾಕೆಯು ಸ್ತ್ರೀಯರ ಮತಾಧಿಕಾರದ ಚಳುವಳಿಗೆ ಸಹಾಯವಾಗಲೆಂದು ಪಾಕಗ್ರಂಥವನ್ನು ಸಂಪಾದಿಸಿದಳು. ಮತ ಹಾಕುವ ಹಕ್ಕಿಲ್ಲದವರು ಆ ಹಕ್ಕಿಗಾಗಿ ರೊಟ್ಟಿಯ ವಿಧಿಯನ್ನು ಮಾರಿದರೆಂಬುದನ್ನು ವಾಚಕರು ಗಮನಿಸತಕ್ಕುದು.

೧೯೦೧ರಲ್ಲಿ ಮಿಲ್ವಾಕೀ ನಗರದಲ್ಲಿ ನಡೆದುದು ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಪರದೇಶಗಳಿಂದ ಬಂದ ಬಡ ಕುಟುಂಬಗಳ ಬಾಲಿಕೆಯರಿಗೆ ಲಿಜ್ಜೀ ಕ್ಯಾಂಡರ್ ಎಂಬಾಕೆಯು ಅಡುಗೆಯನ್ನು ಕಲಿಸುತ್ತಿದ್ದಳು. ಮಕ್ಕಳು ಕರಿಹಲಗೆಯಿಂದ ವಿಧಿಗಳನ್ನು ನಕಲುಮಾಡಿಕೊಳ್ಳುವುದರಲ್ಲಿ ಕಾಲವು ವ್ಯರ್ಥವಾಗುವುದೆಂದು, ಅವನ್ನು ಅಚ್ಚುಹಾಕಿಸಲು ೧೮ ಡಾಲರುಗಳನ್ನು ಆಕೆ ಬೇಡಿದಳು. ಸಂಸ್ಥೆಯ ಆಡಳಿತಮಂಡಲಿಯ ಪುರುಷರು ಅದನ್ನು ನಿರಾಕರಿಸಿದರು. ಆಕೆಯು ಜಾಹೀರಾತುಗಳನ್ನು ಸಂಪಾದಿಸಿ ಗ್ರಂಥವನ್ನು ಹೊರಡಿಸಿದಳು. ಅದು ಮುದ್ರಣದ ಮೇಲೆ ಮುದ್ರಣವನ್ನು ಕಂಡು ಲಕ್ಷಾಂತರ ಪ್ರತಿಗಳು ಖರ್ಚಾದವು; ಮುಂದೆ ಆ ಸಂಸ್ಥೆಯ ಹೊಸ ಕಟ್ಟಡಕ್ಕೆ ಅದರ ಆದಾಯವೇ ನೆರವಾಯಿತು. ೧೯೫೮ರಲ್ಲಿ ನೀಗ್ರೋ ಸ್ತ್ರೀಯರ ರಾಷ್ಟ್ರೀಯ ಮಂಡಲಿಯು ತನ್ನ ಜನದ ಇತಿಹಾಸವನ್ನೇ ಪಾಕಗಳ ಮೂಲಕ ಹೇಳುವ ಗ್ರಂಥವೊಂದನ್ನು ಪ್ರಕಟಿಸಿತು. ಹೀಗೆ, ಬೇರೆಡೆಯಲ್ಲಿ ಅಚ್ಚಿನ ಮನೆಯ ಬಾಗಿಲು ತೆರೆಯದಿದ್ದವರಿಗೆ ಈ ಗ್ರಂಥಗಳು ಬಾಗಿಲಾದುವು.

ಆದರೆ ಆ ಬಾಗಿಲಿನಲ್ಲಿಯೂ ಅರ್ಧ ಹೆಸರು ಹೊರಗೆ ಉಳಿಯಿತು. ಹಳೆಯ ಪುಸ್ತಕಗಳಲ್ಲಿ ವಿಧಿಯ ಕೆಳಗೆ ಸಾಮಾನ್ಯವಾಗಿ ಕಾಣುವುದು ಗಂಡನ ಹೆಸರು, ಅದರ ಹಿಂದೆ ‘ಮಿಸೆಸ್’ ಎಂಬ ಶಬ್ದ. ಪಾಕವನ್ನು ಮಾಡಿದವಳ ಸ್ವಂತ ನಾಮಧೇಯವು ಎಷ್ಟೋ ಕಡೆ ದೊರೆಯುವುದಿಲ್ಲ.

೩. ಸಿದ್ಧಪದಾರ್ಥಗಳ ಆಗಮನ

ಮುಚ್ಚಿದ ಪಾತ್ರೆಯಲ್ಲಿ ಆಹಾರವನ್ನು ಕಾಯಿಸಿ ಕೆಡದಂತೆ ಇಡುವ ಕ್ರಮವನ್ನು ಫ್ರಾನ್ಸ್ ದೇಶದ ನಿಕೊಲಾ ಅಪೇರ್ ಎಂಬಾತನು ಕಂಡುಹಿಡಿದು ೧೮೧೦ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡನು ತಗಡಿನ ಡಬ್ಬಿಗೆ ಸನ್ನದನ್ನು ಪಡೆದನು. ಮನೆಯ ಅಡುಗೆಯಲ್ಲಿ ಕ್ರಾಂತಿಯುಂಟಾದುದು ಮಾತ್ರ ಆ ಶತಮಾನದ ಕೊನೆಗೆ. ೧೮೯೭ರಲ್ಲಿ ಕ್ಯಾಂಪ್‌ಬೆಲ್ ಕಾರ್ಖಾನೆಯ ಜಾನ್ ಡೊರನ್ಸ್ ಎಂಬ ರಸಾಯನಜ್ಞನು ಸಾರಿನಲ್ಲಿದ್ದ ನೀರನ್ನು ಬಹುಭಾಗ ತೆಗೆದು ಗಟ್ಟಿಸಾರನ್ನು ಸಿದ್ಧಪಡಿಸಿದನು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನದ ಲೆರಾಯ್ ಎಂಬ ಊರಿನಲ್ಲಿ ಪರ್ಲ್ ವೇಟ್ ಎಂಬಾತನು ಹಣ್ಣಿನ ರುಚಿಯುಳ್ಳ ಜೆಲಟಿನ್ ಪುಡಿಯನ್ನು ಮಾಡಿದನು, ಅದೇ ಜೆಲ್-ಓ. ೧೯೩೧ರಲ್ಲಿ ಬಿಸ್ಕ್ವಿಕ್ ಎಂಬ ಸಿದ್ಧಹಿಟ್ಟು, ೧೯೩೪ರಲ್ಲಿ ರಿಟ್ಜ್ ಬಿಸ್ಕತ್ತು, ಅದೇ ವರ್ಷ ಅಣಬೆಯ ಗಟ್ಟಿಸಾರು, ಮಹಾಯುದ್ಧದ ತರುವಾಯ ಪೊಟ್ಟಣದ ಕೇಕುಹಿಟ್ಟುಗಳು, ಹೀಗೆ ಕ್ರಮವಾಗಿ ಬಂದುವು.

ಇವನ್ನು ಕೇವಲ ಸೋಮಾರಿತನದ ಸಾಧನಗಳೆಂದು ತಿಳಿಯುವುದು ಸರಿಯಲ್ಲ. ಜೆಲಟಿನಿನ ಉದಾಹರಣೆಯನ್ನೇ ನೋಡಬಹುದು. ಪುಡಿಯು ಬರುವುದಕ್ಕೆ ಮುಂಚೆ ಕರುವಿನ ಕಾಲುಗಳನ್ನು ಗಂಟೆಗಟ್ಟಲೆ ಬೇಯಿಸಿ, ಶೋಧಿಸಿ, ತಿಳಿಮಾಡಿ ಅದನ್ನು ಪಡೆಯಬೇಕಾಗಿತ್ತು. ಆದುದರಿಂದ ಅಚ್ಚಿನಲ್ಲಿ ನಿಂತ ಜೆಲಟಿನ್ ಭಕ್ಷ್ಯವು ಪರಿಚಾರಕರಿದ್ದ ಶ್ರೀಮಂತರ ಭೋಜನದ ಲಕ್ಷಣವಾಗಿತ್ತು. ಆ ಭಕ್ಷ್ಯವು ಕೆಲವು ಸೆಂಟುಗಳಿಗೆ ಸಿಕ್ಕಿದಾಗ ಹಳ್ಳಿಯ ಗೃಹಿಣಿಯು ಅದನ್ನು ಸಂಭ್ರಮದಿಂದ ಎಲ್ಲ ಪದಾರ್ಥಗಳೊಡನೆಯೂ ಕೂಡಿಸಿದುದು ಸ್ವಭಾವಸಿದ್ಧವೇ. ನಾವು ಇಂದು ವೈಚಿತ್ರ್ಯವೆಂದು ಕಾಣುವುದು ಅಂದು ವೈಭವವಾಗಿತ್ತು.

ಎರಡನೆಯದಾಗಿ ಹವೆಯ ವಿಚಾರ. ಉತ್ತರದ ಸಂಸ್ಥಾನಗಳಲ್ಲಿ ನೆಲವು ತಿಂಗಳುಗಟ್ಟಲೆ ಹಿಮದಿಂದ ಮುಚ್ಚಿರುವುದು. ಆ ಕಾಲದಲ್ಲಿ ಹಸುರು ಹುರುಳಿಕಾಯಿಯೆಂದರೆ ಡಬ್ಬಿಯ ಹುರುಳಿಕಾಯಿಯೇ. ಮೂರನೆಯದಾಗಿ ಅಭಾವ. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ಸಕ್ಕರೆಗೆ ೧೯೪೨ರಲ್ಲಿ, ಡಬ್ಬಿಯ ಪದಾರ್ಥಗಳಿಗೆ ೧೯೪೩ರ ಮಾರ್ಚಿನಲ್ಲಿ ಪಡಿತರವು ಜಾರಿಯಾಯಿತು. ಸಕ್ಕರೆಯ ಪಡಿತರವು ೧೯೪೭ರ ವರೆಗೂ ನಡೆಯಿತು. ಬೆಣ್ಣೆ, ಮೊಟ್ಟೆ, ಹಾಲುಗಳಿಲ್ಲದೆ ಕೇಕನ್ನು ಮಾಡುವ ವಿಧಿಗಳು ಇಂತಹ ದಿನಗಳ ಸಂತಾನ. ನಾಲ್ಕನೆಯದಾಗಿ, ಚರ್ಚಿನ ಸಹಭೋಜನಕ್ಕೆ ಪಾತ್ರೆಯನ್ನು ಹೊತ್ತು ತರಬೇಕಾದವಳಿಗೆ ತಪ್ಪದ ಪಾಕ ಬೇಕಾಗಿತ್ತು. ಊರು ಯಾವುದಾದರೂ ಅಂಗಡಿಯ ಡಬ್ಬಿಯು ಒಂದೇ; ಆದುದರಿಂದ ಫಲವೂ ಒಂದೇ.

೪. ವಿಧಿವಾಕ್ಯದ ಸ್ವರೂಪ

ಈ ಗ್ರಂಥಗಳ ವಾಕ್ಯಗಳು ಸೂತ್ರಪ್ರಾಯವಾಗಿವೆ. ದ್ರವ್ಯಗಳ ಪಟ್ಟಿ, ಎರಡು ಮೂರು ಕ್ರಿಯಾಪದಗಳು, ಅಷ್ಟರಲ್ಲಿ ಮುಗಿಯಿತು. ಉಳಿದುದು ಅಧ್ಯಾಹಾರ. ‘ಮಧ್ಯಮ ಓವನ್ನಿನಲ್ಲಿ ಬೇಯಿಸು’ ಎಂದರೆ ಸುಮಾರು ೩೫೦ ಡಿಗ್ರಿ ಫ್ಯಾರನ್‌ಹೀಟ್ ಎಂದು ತಿಳಿಯತಕ್ಕುದು, ‘ಮಂದ’ವೆಂದರೆ ೩೦೦ರಿಂದ ೩೨೫, ‘ತೀಕ್ಷ್ಣ’ವೆಂದರೆ ೪೦೦ಕ್ಕೆ ಮೇಲೆ. ‘ಮೊಟ್ಟೆಯಷ್ಟು ಬೆಣ್ಣೆ’ ಎಂಬುದು ಸುಮಾರು ಎರಡು ಔನ್ಸು. ಫ್ಯಾನ್ನೀ ಫಾರ್ಮರ್ ಎಂಬಾಕೆಯು ೧೮೯೬ರ ತನ್ನ ಗ್ರಂಥದಲ್ಲಿ ಮಟ್ಟಮಾಡಿದ ಬಟ್ಟಲು ಮತ್ತು ಚಮಚಗಳ ಅಳತೆಯನ್ನು ಪ್ರಚಾರಪಡಿಸಿದ ಮೇಲೆ ಬಟ್ಟಲೆಂದರೆ ಎಂಟು ದ್ರವ ಔನ್ಸು, ಎಂದರೆ ಸುಮಾರು ೨೩೭ ಮಿಲಿಲೀಟರು, ಎಂಬುದು ಸ್ಥಿರವಾಯಿತು.

ವಿಧಿಯ ಜೊತೆಗೆ ಅರ್ಥವಾದವೂ ಉಂಟು. ಗಂಡಸರಿಗೆ ಇದು ಬಹಳ ಪ್ರಿಯ, ಎಷ್ಟು ಮಾಡಿದರೂ ಸಾಲದು, ಮಾಡಿ ನೋಡಿದ ಹೊರತು ನಂಬಿಕೆಯಾಗದು, ಎಂಬ ಭಾವದ ಮಾತುಗಳು ವಿಧಿಯ ಕೊನೆಯಲ್ಲಿ ಬರುತ್ತವೆ. ಮೀಮಾಂಸಕರ ಮತದಂತೆ ಇವು ಪ್ರಮಾಣವಾಗುವುದು ವಿಧಿಯನ್ನು ಸ್ತುತಿಸಿ ಅದರಲ್ಲಿ ಪ್ರವೃತ್ತಿಯನ್ನುಂಟುಮಾಡುವುದರಿಂದ, ಸ್ವತಂತ್ರವಾಗಿ ಅಲ್ಲ. ಇಲ್ಲಿಯೂ ಹಾಗೆಯೇ ತಿಳಿದರೆ ನಿರಾಶೆಯು ಕಡಿಮೆಯಾಗುವುದು.

ಕರ್ತೃತ್ವದ ವಿಚಾರವಾಗಿ ಒಂದು ಮಾತು. ಹುರುಳಿಕಾಯಿಯನ್ನು ಅಣಬೆಯ ಗಟ್ಟಿಸಾರಿನಲ್ಲಿ ಕಲಸಿ, ಮೇಲೆ ಹುರಿದ ಈರುಳ್ಳಿಯನ್ನು ಹರಡಿ ಬೇಯಿಸುವ ಪ್ರಸಿದ್ಧ ಪಾಕವೊಂದಿದೆ. ಇದನ್ನು ೧೯೫೫ರಲ್ಲಿ ನ್ಯೂಜೆರ್ಸಿಯ ಕ್ಯಾಮ್‌ಡೆನ್ ಊರಿನಲ್ಲಿ, ಕ್ಯಾಂಪ್‌ಬೆಲ್ ಕಾರ್ಖಾನೆಯ ಪಾಕಶಾಲೆಯಲ್ಲಿ, ಡಾರ್ಕಸ್ ರೈಲಿ ಎಂಬಾಕೆಯು ರೂಪಿಸಿದಳು. ಆಕೆಯ ಮೂಲ ಚೀಟಿಯು ೨೦೦೨ರಲ್ಲಿ ಆ ದೇಶದ ಆವಿಷ್ಕಾರಕರ ಕೀರ್ತಿಭವನಕ್ಕೆ ಸೇರಿತು. ಆಕೆಯು ೨೦೧೮ರಲ್ಲಿ ತೀರಿಕೊಂಡಳು. ಆದರೆ ಊರೂರಿನ ಪಾಕಗ್ರಂಥಗಳಲ್ಲಿ ಈ ವಿಧಿಯ ಕೆಳಗೆ ಬೇರೆ ಬೇರೆ ಹೆಸರುಗಳಿವೆ. ಇದನ್ನು ಕೃತಿಚೌರ್ಯವೆಂದು ಎಣಿಸಬೇಕೇ? ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಹೆಸರು ಸೂಚಿಸುವುದು ಕರ್ತೃವನ್ನಲ್ಲ, ಆಪ್ತಳನ್ನು. ‘ನಾನು ಮಾಡಿ ನೋಡಿದ್ದೇನೆ, ನೀನೂ ಮಾಡು’ ಎಂದು ನೆರೆಹೊರೆಯಲ್ಲಿ ಪರಿಚಿತಳಾದ ಒಬ್ಬಳು ಸಾಕ್ಷಿ ನುಡಿಯುತ್ತಾಳೆ. ಆಪ್ತವಾಕ್ಯವೆಂಬ ಕಾರಣದಿಂದಲೇ ಆ ವಿಧಿಗೆ ಪ್ರಾಮಾಣ್ಯ.

೫. ಡಬ್ಬಿಯ ಮಾನ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಗ್ರಂಥಗಳಲ್ಲಿ ‘ಎರಡನೆಯ ಸಂಖ್ಯೆಯ ಡಬ್ಬಿ ಒಂದು’, ‘೩೦೩ರ ಡಬ್ಬಿ ಎರಡು’ ಎಂಬಂತಹ ನಿರ್ದೇಶಗಳು ಪದೇ ಪದೇ ಬರುತ್ತವೆ. ಇಂದಿನ ವಾಚಕನಿಗೆ ಇವು ಗೂಢಾಕ್ಷರಗಳು. ಇವುಗಳ ಅರ್ಥವನ್ನು ಹೀಗೆ ನಿರ್ಣಯಿಸಬಹುದು: ಎರಡನೆಯ ಸಂಖ್ಯೆಯ ಡಬ್ಬಿಯು ಸುಮಾರು ೨೦ ಔನ್ಸು, ಎಂದರೆ ಎರಡೂವರೆ ಬಟ್ಟಲು. ಎರಡೂವರೆ ಸಂಖ್ಯೆಯದು ಸುಮಾರು ೨೯ ಔನ್ಸು, ಮೂರೂವರೆ ಬಟ್ಟಲು. ೩೦೦ರ ಡಬ್ಬಿಯು ಒಂದೂಮುಕ್ಕಾಲು ಬಟ್ಟಲು. ೩೦೩ರದು ೧೬ ಔನ್ಸು, ಎರಡು ಬಟ್ಟಲು.

೩೦೩ ಎಂಬ ಸಂಖ್ಯೆಯು ಯಾದೃಚ್ಛಿಕವಲ್ಲ. ತಗಡಿನ ಕೆಲಸದವರ ಸಂಕೇತದಲ್ಲಿ ಮೊದಲನೆಯ ಅಂಕಿಯು ಡಬ್ಬಿಯ ವ್ಯಾಸದ ಪೂರ್ಣಾಂಗುಲಗಳನ್ನೂ, ಮುಂದಿನ ಎರಡು ಅಂಕಿಗಳು ಅಂಗುಲದ ಹದಿನಾರನೆಯ ಭಾಗಗಳನ್ನೂ ಸೂಚಿಸುತ್ತವೆ. ಆದುದರಿಂದ ೩೦೩ ಎಂದರೆ ಮೂರು ಅಂಗುಲ ಮತ್ತು ಹದಿನಾರರಲ್ಲಿ ಮೂರು ಭಾಗ. ನಮ್ಮ ಕಟಪಯಾದಿ ಸಂಕೇತವನ್ನು ಬಲ್ಲವರಿಗೆ ಇಂತಹ ಕೀಲಿಕೈಯ ಸೊಗಸು ಅರ್ಥವಾಗದೆ ಇರದು. ಕೀಲಿಕೈ ಕಳೆದುಹೋದರೆ ಶ್ಲೋಕವಿದ್ದೂ ಸಂಖ್ಯೆಯು ದೊರೆಯದು. ಇಲ್ಲಿಯೂ ವಿಧಿಯಿದ್ದೂ ಮಾನವು ದೊರೆಯದು.

ಸಂಖ್ಯೆಯನ್ನೇ ಹೇಳದ ವಿಧಿಗಳಲ್ಲಿ ಕಷ್ಟವು ಇನ್ನೂ ಹೆಚ್ಚು. ‘ಒಂದು ಡಬ್ಬಿ’, ‘ಒಂದು ಪೊಟ್ಟಣ’ ಎಂದಷ್ಟೇ ಇದ್ದರೆ ವಾಚಕನು ಇಂದಿನ ಅಂಗಡಿಯ ಡಬ್ಬಿಯನ್ನೇ ತರುವನು. ಆದರೆ ಇಂದು ತರಕಾರಿಯ ಸಾಮಾನ್ಯ ಡಬ್ಬಿಯು ಹದಿನಾಲ್ಕೂವರೆ ಅಥವಾ ಹದಿನೈದು ಔನ್ಸು. ಟ್ಯೂನಾ ಮೀನಿನ ಡಬ್ಬಿಯು ಏಳು ಔನ್ಸಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಐದಕ್ಕೆ ಬಂದಿದೆ. ಗಟ್ಟಿಹಾಲಿನ ಡಬ್ಬಿಯು ಹದಿಮೂರರಿಂದ ಹನ್ನೆರಡಕ್ಕೆ, ಗಟ್ಟಿಸಾರು ಹತ್ತೂಮುಕ್ಕಾಲರಿಂದ ಹತ್ತೂವರೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಪೀಡಿಸುವುದು ಕೇಕುಹಿಟ್ಟಿನ ಪೊಟ್ಟಣ. ಅದು ಬಹುಕಾಲ ಹದಿನೆಂಟೂಕಾಲು ಔನ್ಸಿದ್ದು ಆಮೇಲೆ ಹದಿನೈದೂಕಾಲು ಔನ್ಸಿಗೆ ಇಳಿಯಿತು; ಎಂದರೆ ಸುಮಾರು ಆರರಲ್ಲಿ ಒಂದು ಪಾಲು ಕಡಿಮೆ. ವಿಧಿಯಲ್ಲಿ ಹೇಳಿದ ದ್ರವಪದಾರ್ಥಗಳೂ ಮೊಟ್ಟೆಗಳೂ ಮಾತ್ರ ಹಿಂದಿನಷ್ಟೇ ಬೀಳುತ್ತವೆ. ಹಿಟ್ಟು ಕಡಿಮೆ, ನೀರು ಹೆಚ್ಚು. ಕೇಕು ನಡುವೆ ಕುಸಿಯುವುದು. ಆಗ ವಾಚಕನು ‘ಹಳೆಯ ಮುದುಕಿಯರಿಗೆ ಅಡುಗೆ ತಿಳಿಯದು’ ಎನ್ನುತ್ತಾನೆ. ಅಳತೆಯನ್ನು ಕುಗ್ಗಿಸಿದವರು ಕಾರ್ಖಾನೆಯವರು. ಅಪವಾದವನ್ನು ಹೊತ್ತವಳು ಆ ಗೃಹಿಣಿ.

೬. ಪರೀಕ್ಷೆ

ಕೆಲವು ವರ್ಷಗಳ ಹಿಂದೆ ಅಮೆರಿಕಾದ ಮಧ್ಯಭಾಗದ ಒಂದು ಸಣ್ಣ ಊರಿನ ಚರ್ಚಿನ ಮಹಿಳಾಸಂಘವು ಹೊರಡಿಸಿದ ಇಂತಹ ಪುಸ್ತಕವೊಂದು ಬಂಧುಗಳ ಮೂಲಕ ನನ್ನ ಕೈಗೆ ಬಂದಿತು. ಶಾಸ್ತ್ರವು ಪ್ರಯೋಗವಿಲ್ಲದೆ ಪೂರ್ಣವಾಗದಾದುದರಿಂದ, ಮೊಟ್ಟೆ ಮತ್ತು ಪ್ರಾಣಿಜನ್ಯವಾದ ಜೆಲಟಿನ್ ಇವುಗಳನ್ನು ಬಳಸದವನಾದ ನಾನು, ನನಗೆ ಸಾಧ್ಯವಾದ ಪಾಕಗಳನ್ನು ಮಾಡಿ ನೋಡಿದೆನು. ಅವುಗಳಲ್ಲಿ ಮೂರನ್ನು ಇಲ್ಲಿ ನಿರೂಪಿಸುವೆನು.

ಮೊದಲನೆಯದು ಟೊಮೇಟೊ ಸಾರಿನ ಕೇಕು. ಇದು ಆರ್ಥಿಕ ಕುಸಿತದ ಮತ್ತು ಯುದ್ಧದ ದಿನಗಳಲ್ಲಿ ಬಹಳ ಬಳಕೆಯಲ್ಲಿದ್ದಿತು, ಎಂ. ಎಫ್. ಕೆ. ಫಿಷರ್ ಎಂಬ ಪ್ರಸಿದ್ಧ ಲೇಖಕಿಯು ೧೯೪೨ರ ತನ್ನ ಗ್ರಂಥದಲ್ಲಿ ಇದರ ಮೊಟ್ಟೆಯಿಲ್ಲದ ರೂಪವನ್ನು ಕೊಟ್ಟಿದ್ದಾಳೆ. ನಾನು ಮಾಡಿದ ಬಗೆಯಲ್ಲಿ ಸ್ವಲ್ಪ ಬೆಣ್ಣೆ, ಒಂದು ಬಟ್ಟಲು ಸಕ್ಕರೆ, ಎರಡು ಬಟ್ಟಲು ಮೈದಾ, ಒಂದು ಡಬ್ಬಿ ಗಟ್ಟಿಸಾರು, ಒಂದು ಸಣ್ಣ ಚಮಚ ಅಡಿಗೆಸೋಡ, ದಾಲ್ಚಿನ್ನಿ, ಜಾಯಿಕಾಯಿ, ಲವಂಗ, ಒಣದ್ರಾಕ್ಷಿ, ಇಷ್ಟು ದ್ರವ್ಯಗಳು. ಸೋಡವನ್ನು ಸಾರಿನಲ್ಲಿ ಕಲಸಿ ಒಡನೆಯೇ ಹಿಟ್ಟಿಗೆ ಸೇರಿಸಬೇಕೆಂದು ವಿಧಿ. ನಾನು ಸೋಡವನ್ನು ಕಲಸಿಟ್ಟು ಬೇರೊಂದು ಕೆಲಸಕ್ಕೆ ಎದ್ದುಹೋದೆನು. ಅರ್ಧ ಗಂಟೆಯ ಮೇಲೆ ಬಂದು ಉಳಿದುದನ್ನು ಮಾಡಲು ಕೇಕು ಇಟ್ಟಿಗೆಯಂತಾಯಿತು. ಟೊಮೇಟೊದ ಹುಳಿಯೂ ಸೋಡವೂ ಕೂಡಿದಾಗ ಅಂಗಾರವಾಯುವು ಹುಟ್ಟಿ ನೊರೆಯೇಳುವುದು. ಆ ವಾಯುವು ಹಿಟ್ಟಿನಲ್ಲಿ ಸಿಕ್ಕಿಕೊಂಡರೆ ಕೇಕು ಉಬ್ಬುವುದು. ನಾನು ಅದನ್ನು ಗಾಳಿಗೆ ಬಿಟ್ಟುಬಿಟ್ಟಿದ್ದೆನು. ‘ಒಡನೆಯೇ’ ಎಂಬ ಒಂದು ಪದವನ್ನು ಅರ್ಥವಾದವೆಂದು ಎಣಿಸಿದುದರ ಫಲವಿದು. ಎರಡನೆಯ ಸಾರಿ ವಿಧಿಯಂತೆ ಮಾಡಲು ಕೇಕು ಮೃದುವಾಗಿ, ಕಂದುಗೆಂಪಾಗಿ ಬಂದಿತು. ಟೊಮೇಟೊದ ರುಚಿಯು ಪ್ರತ್ಯೇಕವಾಗಿ ತೋರಲಿಲ್ಲ. ಸಂಬಾರಗಳ ಹಿಂದೆ ಸ್ವಲ್ಪ ಹುಳಿಯೂ ತೇವವೂ ಮಾತ್ರ ಉಳಿದಿದ್ದುವು. ಹಾಲು, ಮೊಟ್ಟೆ, ಹಣ್ಣುಗಳ ಕೆಲಸವನ್ನು ಒಂದು ಅಗ್ಗದ ಡಬ್ಬಿಯು ಮಾಡಿದ್ದಿತು.

ಎರಡನೆಯದು ಸೇಬಿಲ್ಲದ ಸೇಬಿನ ಪೈ. ಮೂವತ್ತಾರು ಉಪ್ಪುಬಿಸ್ಕತ್ತುಗಳನ್ನು ದಪ್ಪವಾಗಿ ಮುರಿದು ಹಿಟ್ಟಿನ ಹಾಸಿನ ಮೇಲೆ ಹರಡುವುದು. ಎರಡು ಬಟ್ಟಲು ಸಕ್ಕರೆ, ಸುಮಾರು ಅಷ್ಟೇ ನೀರು, ಎರಡು ಸಣ್ಣ ಚಮಚ ಟಾರ್ಟಾರ್ ಕೆನೆಯೆಂಬ ಹುಳಿಯುಪ್ಪು, ಇವುಗಳನ್ನು ಪಾಕಮಾಡಿ, ನಿಂಬೆಯ ರಸವನ್ನೂ ಸಿಪ್ಪೆಯ ತುರಿಯನ್ನೂ ಸೇರಿಸಿ, ಆರಿದ ಮೇಲೆ ಸುರಿಯುವುದು. ಬೆಣ್ಣೆಯ ತುಣುಕುಗಳನ್ನೂ ದಾಲ್ಚಿನ್ನಿಯ ಪುಡಿಯನ್ನೂ ಹಾಕಿ, ಮೇಲೊಂದು ಹಾಸನ್ನು ಮುಚ್ಚಿ, ೪೨೫ ಡಿಗ್ರಿಯಲ್ಲಿ ಅರ್ಧ ಗಂಟೆಯಷ್ಟು ಬೇಯಿಸುವುದು. ಈ ಪಾಕವು ರಿಟ್ಜ್ ಬಿಸ್ಕತ್ತಿನಿಂದ ಪ್ರಸಿದ್ಧವಾದರೂ ಅದರಿಂದ ಹುಟ್ಟಿದುದಲ್ಲ. ಅಂತರ್ಯುದ್ಧದ ಕಾಲದಲ್ಲಿ, ೧೮೬೩ರಲ್ಲಿ, ರಿಚ್‌ಮಂಡ್ ನಗರದಲ್ಲಿ ಪ್ರಕಟವಾದ ಅಭಾವಕಾಲದ ಪಾಕಗ್ರಂಥದಲ್ಲಿಯೇ ಸೇಬಿಲ್ಲದ ಪೈಯ ವಿಧಿಯಿದೆ. ಅಲ್ಲಿಯೂ ಬಿಸ್ಕತ್ತು ಮತ್ತು ಟಾರ್ಟಾರಿಕ್ ಹುಳಿಗಳೇ ಮುಖ್ಯ.

ನಾನು ಇದನ್ನು ಮಾಡಿ ಹೆಸರನ್ನು ಹೇಳದೆ ಮನೆಯವರಿಗೆ ಬಡಿಸಲು ಮೂವರು ಸೇಬೆಂದರು. ಶುಕ್ತಿಯಲ್ಲಿ ರಜತಭ್ರಮೆಯುಂಟಾಗುವಂತೆ ಇಲ್ಲಿಯೂ ಸಾದೃಶ್ಯ, ಸಂಸ್ಕಾರಗಳೆರಡೂ ಕೂಡಿವೆ. ಪಾಕವನ್ನು ಕುಡಿದ ಬಿಸ್ಕತ್ತು ಪೂರ್ತಿ ಕರಗದೆ ಬೆಂದ ಸೇಬಿನ ಹೋಳಿನಂತೆ ಪದರಪದರವಾಗಿ ನಿಲ್ಲುವುದು. ಹುಳಿಯುಪ್ಪು, ನಿಂಬೆಗಳು ಸೇಬಿನ ಹುಳಿಯ ಸ್ಥಾನದಲ್ಲಿ ನಿಲ್ಲುವುವು. ದಾಲ್ಚಿನ್ನಿಯ ಗಂಧವು ಸೇಬಿನ ಪೈಯನ್ನು ಹಿಂದೆ ತಿಂದವನಲ್ಲಿ ಅದರ ಸಂಸ್ಕಾರವನ್ನು ಉದ್ಬೋಧಗೊಳಿಸುವುದು. ಆದರೆ ಪಾಕಮಾಡಿದವಳನ್ನು ವಂಚಕಳೆನ್ನಲಾಗದು. ಗ್ರಂಥದಲ್ಲಿ ಹೆಸರೇ ‘ಹುಸಿ ಸೇಬಿನ ಪೈ’ ಎಂದಿದೆ. ಸೇಬಲ್ಲವೆಂದು ತಿಳಿದೂ ಸೇಬೆಂದು ಭಾವಿಸಿ ಸುಖಿಸುವ ಈ ಜ್ಞಾನವನ್ನು ಭ್ರಮೆಯೆನ್ನುವುದಕ್ಕಿಂತ ಆಹಾರ್ಯಜ್ಞಾನವೆನ್ನುವುದು ಯುಕ್ತ.

ಮೂರನೆಯದು ಅನಾನಸಿನ ಅಚ್ಚು. ಇಲ್ಲಿ ತಿದ್ದುಪಡಿಯ ಅಪಾಯವು ಸ್ಪಷ್ಟವಾಗುತ್ತದೆ. ಜೆಲಟಿನಿನ ಅಚ್ಚುಗಳಿಗೆ ಡಬ್ಬಿಯ ಅನಾನಸನ್ನೇ ಹೇಳಿರುವುದನ್ನು ಕಂಡು, ತಾಜಾ ಹಣ್ಣು ಶ್ರೇಷ್ಠವೆಂಬ ಸದುದ್ದೇಶದಿಂದ ಅದನ್ನು ಹಾಕುವವರುಂಟು. ಹಾಗೆ ಮಾಡಿದರೆ ಅಚ್ಚು ಎಂದಿಗೂ ಗಟ್ಟಿಯಾಗದು. ತಾಜಾ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಪಾಚಕದ್ರವ್ಯವಿದ್ದು ಜೆಲಟಿನನ್ನು ತುಂಡರಿಸುತ್ತದೆ. ಡಬ್ಬಿಯ ಹಣ್ಣು ಶಾಖಕ್ಕೆ ಒಳಗಾಗಿರುವುದರಿಂದ ಅದರಲ್ಲಿ ಆ ಶಕ್ತಿಯು ನಾಶವಾಗಿರುವುದು. ವಿಧಿಯನ್ನು ಬರೆದವಳಿಗೆ ಬ್ರೊಮೆಲಿನಿನ ಹೆಸರು ತಿಳಿದಿರಬೇಕಾಗಿಲ್ಲ. ಆದರೆ ಯಾವುದು ನಿಲ್ಲುವುದು, ಯಾವುದು ನಿಲ್ಲದು ಎಂಬುದು ತಿಳಿದಿದ್ದಿತು. ನಾನು ಜೆಲಟಿನಿಗೆ ಬದಲಾಗಿ ಸಮುದ್ರದ ಪಾಚಿಯಿಂದ ತೆಗೆದ ಅಗರನ್ನು ಬಳಸಿದೆನು. ಅದು ಜೆಲಟಿನಿನಂತೆ ಪ್ರೋಟೀನು ಜಾತಿಯದಲ್ಲವಾದುದರಿಂದ ತಾಜಾ ಹಣ್ಣಿನೊಡನೆಯೂ ಗಟ್ಟಿಯಾಯಿತು. ಆದರೆ ಆಗ ಅದು ಆ ಪಾಕವಲ್ಲ, 
ಬೇರೊಂದು ಪಾಕ, ಬಾಯಲ್ಲಿ ಕರಗುವ ಗುಣವು ಅದಕ್ಕಿರಲಿಲ್ಲ.

೭. ಪ್ರತಿನಿಧಿವಿಚಾರ

ಪಾಠವು ಕೆಟ್ಟಿದೆಯೆಂದು ತಿಳಿದ ಮೇಲೆ ಪರಿಷ್ಕರಣದ ಮಾರ್ಗವಾವುದು? ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರವು ವಿಸ್ತಾರವಾಗಿ ಬರುವುದು. ವ್ರೀಹಿಯು ದೊರೆಯದಿದ್ದರೆ ನೀವಾರ, ಸೋಮವು ದೊರೆಯದಿದ್ದರೆ ಪೂತೀಕ. ಸದೃಶವಾದ ದ್ರವ್ಯವನ್ನು ಹಿಡಿಯಬೇಕೆಂಬುದು ಸಾಮಾನ್ಯ ನಿಯಮ. ಆದರೆ ಹಿಡಿದ ಪ್ರತಿನಿಧಿಯೂ ನಷ್ಟವಾದರೆ? ಆಗ ಪ್ರತಿನಿಧಿಗೆ ಸದೃಶವಾದುದನ್ನು ಹುಡುಕದೆ, ಮುಖ್ಯದ್ರವ್ಯಕ್ಕೆ ಸದೃಶವಾದುದನ್ನೇ ಹುಡುಕಬೇಕೆಂದು ಮೀಮಾಂಸಕರ ನಿರ್ಣಯ.

ಈ ನ್ಯಾಯವು ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುವುದು. ಡಬ್ಬಿಯ ಅಣಬೆಸಾರು ಬೆಣ್ಣೆ, ಹಿಟ್ಟು, ಹಾಲುಗಳನ್ನು ಕಾಯಿಸಿ ಮಾಡುವ ಬಿಳಿ ಗೊಜ್ಜಿಗೆ ಪ್ರತಿನಿಧಿ. ಕೇಕುಹಿಟ್ಟಿನ ಪೊಟ್ಟಣವು ಮೈದಾ, ಸಕ್ಕರೆ, ಕೊಬ್ಬು, ಉಬ್ಬಿಸುವ ಪುಡಿ ಇವುಗಳಿಗೆ ಪ್ರತಿನಿಧಿ. ಹಳೆಯ ಪೊಟ್ಟಣವು ದೊರೆಯದಿದ್ದಾಗ ಇಂದಿನ ಸಣ್ಣ ಪೊಟ್ಟಣವನ್ನು ‘ಇದೂ ಪೊಟ್ಟಣವೇ’ ಎಂದು ಹಾಕುವುದು ಪ್ರತಿನಿಧಿಯ ಪ್ರತಿನಿಧಿಯನ್ನು ಹಿಡಿದಂತೆ. ಹಳೆಯ ಪೊಟ್ಟಣದ ತೂಕವೆಷ್ಟು, ಅದು ಯಾವ ದ್ರವ್ಯಗಳ ಸ್ಥಾನದಲ್ಲಿತ್ತು ಎಂಬುದನ್ನು ತಿಳಿದು, ಕೊರತೆಯಾದ ತೂಕವನ್ನು ಇನ್ನೊಂದು ಪೊಟ್ಟಣದಿಂದಾಗಲಿ ಮೂಲದ್ರವ್ಯಗಳಿಂದಾಗಲಿ ತುಂಬಿದರೆ ಪಾಕವು ಮತ್ತೆ ನಿಲ್ಲುವುದು.

ಆದುದರಿಂದ ಸಮುದಾಯ ಪಾಕಗ್ರಂಥವನ್ನು ಪ್ರಯೋಗಿಸುವವನು ಮೂರು ನಿಯಮಗಳನ್ನು ಪಾಲಿಸತಕ್ಕುದು. ಗ್ರಂಥದ ವರ್ಷವನ್ನು ನಿರ್ಣಯಿಸಿ ಅಂದಿನ ಡಬ್ಬಿಯ ತೂಕವನ್ನು ಅಂಚಿನಲ್ಲಿ ಬರೆದುಕೊಳ್ಳುವುದು ಮೊದಲನೆಯದು. ಮೊದಲ ಸಾರಿ ವಿಧಿಯನ್ನು ತಿದ್ದದೆ, ವಿಚಿತ್ರವೆಂದು ತೋರಿದುದನ್ನೂ ಬಿಡದೆ ಮಾಡುವುದು ಎರಡನೆಯದು. ಏಕೆಂದರೆ ಯಾವುದು ಅತ್ಯಂತ ವಿಚಿತ್ರವೋ ಅದೇ ಅನೇಕ ವೇಳೆ ಪಾಕದ ಆಧಾರವಾಗಿರುವುದು. ಮಾಡಿದುದು ಕೆಟ್ಟರೆ ಮೊದಲು ತನ್ನನ್ನೂ, ಆಮೇಲೆ ಅಳತೆಯನ್ನೂ, ಕೊನೆಗೆ ಮಾತ್ರ ಗ್ರಂಥಕರ್ತೃವನ್ನೂ ಸಂದೇಹಿಸುವುದು ಮೂರನೆಯದು.

೮. ಉಪಸಂಹಾರ

ಎಲ್ಲ ಪಾಕಗಳೂ ರುಚಿಕರವೆಂದು ನನ್ನ ವಾದವಲ್ಲ. ಕೆಲವನ್ನು ಸರಿಯಾಗಿ ಮಾಡಿದರೂ ನಮ್ಮ ನಾಲಗೆಗೆ ಹಿಡಿಸವು. ಆದರೆ ರುಚಿಸದಿರುವುದು ಬೇರೆ, ಅರ್ಥವಾಗದಿರುವುದು ಬೇರೆ. ಸರಿಯಾದ ಪಾಠದಿಂದ ಮಾಡಿ, ತಿಂದು, ಬೇಡವೆಂದರೆ ಅದು ನಿರ್ಣಯ. ಕೆಟ್ಟ ಪಾಠದಿಂದ ಮಾಡಿ ನಕ್ಕರೆ ಅದು ಅನ್ಯಾಯ.

ಈ ಮಾತು ನಮ್ಮ ಮನೆಗಳಿಗೂ ಸಂಬಂಧಿಸಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ಸೂಪಶಾಸ್ತ್ರವು ಕವಿಯ ಹೆಸರಿನೊಡನೆ ನಮಗೆ ಉಳಿದಿದೆ. ಆದರೆ ನಮ್ಮ ಅಜ್ಜಿಯರೂ ತಾಯಂದಿರೂ ಬರೆದಿಟ್ಟ ಪಾಕದ ಪುಸ್ತಿಕೆಗಳು ಪಾವು, ಸೇರು, ಚಟಾಕುಗಳ ಲೆಕ್ಕದಲ್ಲಿವೆ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಆ ಮಾನಗಳು ಹಂತಹಂತವಾಗಿ ವ್ಯವಹಾರದಿಂದ ಹೋದುವು. ಪಾವು, ಸೇರುಗಳಾದರೋ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುವು. ಆ ಪುಸ್ತಿಕೆಗಳಲ್ಲಿ ‘ಒಂದು ಪಾವು’ ಎಂದಿದ್ದರೆ ಯಾವ ಊರಿನ ಪಾವು, ಯಾವ ಮನೆಯ ಪಾತ್ರೆ ಎಂಬುದನ್ನು ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅಮೆರಿಕಾದ ೩೦೩ರ ಡಬ್ಬಿಗೆ ಬಂದ ಗತಿಯೇ ಇದಕ್ಕೂ ಬರುವುದು.

ವಾಚಕರ ಮನೆಗಳಲ್ಲಿ ಇಂತಹ ಪುಸ್ತಿಕೆಗಳಿದ್ದರೆ, ಅವುಗಳಲ್ಲಿ ಬಳಸಿದ ಅಳತೆಯ ಪಾತ್ರೆಯನ್ನೂ ಹುಡುಕಿ, ಅದು ಹಿಡಿಯುವ ನೀರನ್ನು ಮಿಲಿಲೀಟರಿನಲ್ಲಿ ಅಳೆದು, ಪುಸ್ತಿಕೆಯ ಮೊದಲ ಪುಟದಲ್ಲಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ. ಅದರ ಕೆಳಗೆ ಬರೆದವಳ ಸ್ವಂತ ಹೆಸರನ್ನೂ ಬರೆಯತಕ್ಕುದು.